ಆಳ: ನಾಲ್ಕು ಬೆರಳು

ಸೆಂಟರ್ ಸ್ಟ್ರೀಟಿನ ಹಕೀಮುದ್ದೀನ್ ಚಾಚಾ
ಕೈ ತೊಳೆದು, ಒರೆಸಿ, ಮತ್ತೊಮ್ಮೆ ತೊಳೆದು ಬಂದು
ಬಾವುಟ ಬಿಚ್ಚುತ್ತಾರೆ.
ಹೊರಗೆ ಪುಣೆಯ ಜಿಟಿಜಿಟಿ, ಒಳಗೆ ಅಂಟಿನ ವಾಸನೆ.
ಗೋಡೆಯ ತುಂಬ ಯಾರದೋ ಮದುವೆ, ಯಾರದೋ ಪದವಿ,
ಯಾವುದೋ ಬ್ರಿಗೇಡಿಯರ್ ಸಾಹೇಬರು
ಕೊಟ್ಟು ಮರೆತ ಕತ್ತಿ.

"ಬಿಸಿಲು ಬೀಳದ ಗೋಡೆ ಇದೆಯೇ ಮನೆಯಲ್ಲಿ?
ನುಸಿಗುಳಿಗೆ ಬೇಡ, ನಾಲ್ಕು ಲವಂಗ ಸಾಕು.
ಎಂದೂ ಒಗೆಯಬೇಡಿ.
ಅದಿರಲಿ ಬೇಟಿ, ಈ ಹಸಿರಿನಲ್ಲಿ
ಏನಿವು, ಎರಡು ಉಬ್ಬು?"

ನಮ್ಮಲ್ಲಿ ಸತ್ತವರು ಮಲಗುವುದಿಲ್ಲ ಚಾಚಾ,
ಕೂರುತ್ತಾರೆ.
ಪದ್ಮಾಸನ ಹಾಕಿ, ಬೆನ್ನು ನೆಟ್ಟಗೆ,
ಅಂಗೈಯಲ್ಲಿ ಲಿಂಗ ಹಿಡಿದು
ಕೂತೇ ಮಣ್ಣಿಗಿಳಿಯುತ್ತಾರೆ.

ಖಡಕಿಯಿಂದ ಬಂದ ತುಕಡಿಯ ಹವಾಲ್ದಾರ
ಎಷ್ಟೋ ಪೆಟ್ಟಿಗೆಗಳಿಗೆ ಬಾವುಟ ಹೊದಿಸಿದವನು
ಅಪ್ಪನೆದುರು ತಬ್ಬಿಬ್ಬಾಗಿ ನಿಂತುಬಿಟ್ಟ.
ಕೂತವನಿಗೆ ಹೊದಿಸುವ ಚಿತ್ರ
ಅವನ ಪುಸ್ತಕದಲ್ಲಿರಲಿಲ್ಲ.
ಅವ್ವನೇ ಎದ್ದಳು.
ಕೇಸರಿ ಎದೆಗೆ, ಚಕ್ರ ಹೊಟ್ಟೆಗೆ, ಹಸಿರು ಮಣಕಾಲಿಗೆ.
ಥಂಡಿಯ ಮುಂಜಾನೆ ಬಾಲ್ಕನಿಯಲ್ಲಿ ಚಹಾ ಕುಡಿಯುವವರಿಗೆ
ಕೌದಿ ಹೊದಿಸುತ್ತಿದ್ದಳಲ್ಲ, ಹಾಗೆಯೇ,
ಅಂಚು ಒಳಗೆ ಸಿಕ್ಕಿಸಿ,
"ಅಲಗ್ಯಾಡಬ್ಯಾಡ್ರಿ, ಜಾರತೈತಿ" ಎಂದಳು,
ರೂಢಿಯಂತೆ.

ಅವರು ಅಲುಗಾಡಲಿಲ್ಲ.

ಸುಭೇದಾರ ಗಿರಿಮಲ್ಲಪ್ಪ ತೇರದಾಳ:
ನೆಲದಲ್ಲಿ ಹೂತ ಮೈನುಗಳನ್ನು
ಬೆರಳ ತುದಿಯಿಂದ ಸವರಿ, ಮಾತಾಡಿಸಿ, ತೆಗೆದವರು.
ಒಂದು ಮಾತ್ರ ಮಾತು ಕೇಳಲಿಲ್ಲ.
ಅಂದಿನಿಂದ ಎಡಗಿವಿ ಸತ್ತಿತ್ತು.
ಗುಂಡಿನ ವಂದನೆಗೆ
ಸುತ್ತಲಿನ ಬೇವಿನ ಹಕ್ಕಿಗಳೆಲ್ಲ ಎದ್ದು ಹೋದಾಗ
"ಬಲಕ್ಕೆ ನಿಂತು ಹಾರಿಸಬೇಕಿತ್ತು" ಎಂದ ತಮ್ಮ.
ನಕ್ಕುಬಿಟ್ಟೆವು ಇಬ್ಬರೂ.
ಜನ ನೋಡಿದರು.

ಆಮೇಲೆ ಬಾವುಟ ಮಡಚಿದರು
ಚಕ್ರ ಮೇಲೆ ಕಾಣುವಂತೆ, ಚೌಕವಾಗಿ, ಇಂಚು ಇಂಚು ಅಳೆದು.
ಒಬ್ಬ ಸಿಪಾಯಿ ಹುಲ್ಲಲ್ಲಿ ಹುಡುಕಾಡಿ
ಏಳು ಖಾಲಿ ತೋಟಾ ಆಯ್ದು ಅವ್ವನ ಸೆರಗಿಗೆ ಹಾಕಿದ.
ಇನ್ನೂ ಬಿಸಿ. ಒಳಗೆ ಗುಂಡೇ ಇರಲಿಲ್ಲವಂತೆ, ಬರೀ ಸದ್ದು.
ಆ ಸದ್ದಿಗೇ ತುದಿ ಬಿರಿದು
ತುಂಬೆ ಹೂವಿನಷ್ಟು ಬಾಯಿ.

"ಉಗಿ ತೋರಿಸಿದರೆ ಉಬ್ಬು ಹೋಗುತ್ತದೆ" ಎನ್ನುತ್ತಾರೆ ಚಾಚಾ,
"ಈ ಬಿಳಿ ಧೂಳಿಗೆ ಮೆತ್ತನೆ ಬ್ರಶ್."
ನಾನು ಅವ್ವನಿಗೆ ಫೋನು ಹಚ್ಚುತ್ತೇನೆ.
ಬಹಳ ಹೊತ್ತು ಕುಕ್ಕರಿನ ಸೀಟಿ ಅಷ್ಟೆ, ಆಮೇಲೆ:
"ವಿಭೂತಿ ಅದು. ಝಾಡಸಬ್ಯಾಡ ಅನ್ನು.
ಮಣಕಾಲು ಇದ್ದಂಗ ಇರ್ಲಿ."

ಚಾಚಾ ಕನ್ನಡಕ ತೆಗೆದು ಒರೆಸುತ್ತಾರೆ.
ಹಾಗಾದರೆ ಗಾಜು ತಾಗಕೂಡದು.
ಮಾಮೂಲಿ ಫ್ರೇಮು ನಡೆಯದು, ಪೆಟ್ಟಿಗೆಯೇ ಬೇಕು.
ಉಬ್ಬಿನ ಮೇಲೆ, ತಾಗದಂತೆ, ಕೈ ಅಡ್ಡ ಹಿಡಿದು ಅಳೆದು
ಗುಜರಾತಿ ಅಕ್ಷರದಲ್ಲಿ ರಸೀದಿ ಬರೆಯುತ್ತಾರೆ,
ನನಗೆ ಓದಿ ಹೇಳುತ್ತಾರೆ:
ಸಾಗವಾನಿ. ಆಳ, ನಾಲ್ಕು ಬೆರಳು.
ಪದಕ ಮೂರು. ಟೋಪಿ ಒಂದು. ತೋಟಾ ಏಳು.

ಮತ್ತೆ ಎಣಿಸುತ್ತಾರೆ. "ಆರೇ ಇವೆಯಲ್ಲ?"

ಏಳನೆಯದು ಅವ್ವನ ಸಂಚಿಯಲ್ಲಿದೆ ಚಾಚಾ,
ಎಲೆ ಅಡಿಕೆಯ ಪಕ್ಕ, ಸುಣ್ಣ ತುಂಬಿಕೊಂಡು.
ಊಟವಾದ ಮೇಲೆ ತಲೆಯ ಪಿನ್ನು ತೆಗೆದು
ಅದರ ಬಾಯಿಗಿಳಿಸಿ
ಎಷ್ಟು ಬೇಕೋ ಅಷ್ಟೇ ಸುಣ್ಣ ತೆಗೆಯುತ್ತಾಳೆ.
ಕೇಳಿ ನೋಡಿದೆ, ಕೊಡಲಿಲ್ಲ.

"ಹಾಗಾದರೆ ಆರೇ ಗುಳಿ ಕೊರೆಯಲೇ?"

ಏಳು ಕೊರೆದಿಡಿ, ಎನ್ನುತ್ತೇನೆ.
ಅವಸರವಿಲ್ಲ.